ಮೀಟಿಂಗಿನಲ್ಲಿ ಎದ್ದು ನಿಲ್ಲುತ್ತಿದ್ದ ಹೊಂಬಾಳಕ್ಕ

ಹೊಂಬಾಳಕ್ಕ ಮಾತಾಡುವ ಮೊದಲು ಸೆರಗಿನ ತುದಿಯಿಂದ ತುಟಿ ಒರೆಸಿಕೊಳ್ಳುತ್ತಿದ್ದಳು. ಇಡೀ ದಿನ ಕಾಫಿ ಬೀಜದ ಮುಂದೆ ಕೂತವರ ತುಟಿಯ ಮೇಲೆ ಹೊಟ್ಟಿನ ಧೂಳು ತೆಳ್ಳಗೆ ಹತ್ತಿರುತ್ತದೆ, ಒರೆಸಿಕೊಳ್ಳುವ ಅಭ್ಯಾಸ ನಮಗೆಲ್ಲ ಇತ್ತು. ಅವಳು ಒರೆಸಿಕೊಳ್ಳುವ ರೀತಿಯೇ ಬೇರೆ. ಎಡದಿಂದ ಬಲಕ್ಕೆ ಒಂದೇ ಸಲ, ನಿಧಾನವಾಗಿ, ಹಬ್ಬದ ದಿನ ಹೊಸ್ತಿಲು ಒರೆಸಿದ ಹಾಗೆ. ಅದನ್ನು ಕಂಡ ಕೂಡಲೇ ನಮ್ಮ ಮ್ಯಾನೇಜರು ಕೈಯಲ್ಲಿದ್ದ ಟೀ ಲೋಟವನ್ನು ಮೇಜಿನ ಮೇಲೆ ಇಟ್ಟುಬಿಡುತ್ತಿದ್ದರು. ಬಿಸಿ ಟೀ ಹಿಡಿದುಕೊಂಡು ಹೊಂಬಾಳಕ್ಕನ ಮಾತು ಕೇಳುವುದು ಕ್ಷೇಮವಲ್ಲ ಎಂಬುದು ಅವರಿಗೆ ಅನುಭವದಿಂದ ಗೊತ್ತಾಗಿತ್ತು.

ನಾವು ಕೆಲಸ ಮಾಡುತ್ತಿದ್ದುದು ಕುಶಾಲನಗರದ ಹೊರಗಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ. ತೋಟಗಳಲ್ಲಿ ಒಣಗಿಸಿದ ಕಾಫಿ ಅಲ್ಲಿಗೆ ಲಾರಿಯಲ್ಲಿ ಬರುತ್ತದೆ. ಮಿಷನ್ನುಗಳು ಅದರ ಸಿಪ್ಪೆ ಬಿಡಿಸಿ, ಜರಡಿ ಹಿಡಿದು, ಕೊನೆಗೆ ನಮ್ಮ ಮೇಜುಗಳಿಗೆ ಸುರಿಯುತ್ತವೆ. ಕರಿ ಬೀಜ, ಒಡಕು ಬೀಜ, ಹುಳ ತಿಂದ ಬೀಜ ಆರಿಸಿ ತೆಗೆಯುವುದು ಹೆಂಗಸರ ಕೆಲಸ. ನಾನು ಭಾಗಮಂಡಲದ ಕಡೆಯವಳು, ಮದುವೆಯಾಗಿ ಕುಶಾಲನಗರಕ್ಕೆ ಬಂದವಳು. ಕೆಲಸಕ್ಕೆ ಸೇರಿದ ದಿನ ಸೂಪರ್‌ವೈಸರ್ ನನ್ನನ್ನು ತಂದು ಹೊಂಬಾಳಕ್ಕನ ಪಕ್ಕ ಕೂರಿಸಿದ. ಮೇಜಿನ ಆ ತುದಿಯಲ್ಲಿ ಮಲಯಾಳ, ಈ ತುದಿಯಲ್ಲಿ ತಮಿಳು, ನಡುವೆ ನನ್ನ ಕೊಡಗಿನ ಅರೆಭಾಷೆ. ಜಗಳ ಮಾತ್ರ ಕನ್ನಡದಲ್ಲಿ, ಎಲ್ಲರಿಗೂ ಅರ್ಥವಾಗಬೇಕಲ್ಲ.

ಅವಳು ಹಾಸನದ ಕಡೆಯಿಂದ ಬಂದು ನೆಲೆಸಿದ ಮನೆತನದವಳು. ಗಿಡ್ಡ ಆಳು, ಅಗಲ ಹಣೆ, ದನಿಯೇನೂ ದೊಡ್ಡದಲ್ಲ. ಬೀಜ ಆರಿಸುವಾಗ ಅವಳ ಬೆರಳುಗಳ ಕಡೆ ನೋಡಿದರೆ ನನಗೆ ಕಣ್ಣು ಕತ್ತಲೆ ಬರುತ್ತಿತ್ತು. ಅವಳು ಮಾತ್ರ ಬೀಜದ ಕಡೆ ನೋಡುತ್ತಲೇ ಇರಲಿಲ್ಲ. ಎದುರಿನವಳ ಮುಖ ನೋಡಿಕೊಂಡು, ಅವಳ ಮನೆಯ ಸಮಾಚಾರ ವಿಚಾರಿಸಿಕೊಂಡು, ಎಲ್ಲರಿಗಿಂತ ಮೊದಲು ಮೂಟೆ ಮುಗಿಸುತ್ತಿದ್ದಳು.

ತಿಂಗಳಿಗೊಂದು ಸೋಮವಾರ ನಮಗೆ ಮೀಟಿಂಗ್. ಟೀ ಮತ್ತು ಬನ್ನು ಕೊಡುತ್ತಿದ್ದರು. ಮ್ಯಾನೇಜರು ಒಳ್ಳೆಯ ಮಾತಿನ ಮನುಷ್ಯ. "ಏನಾದ್ರೂ ತೊಂದರೆ ಇದ್ಯಾ? ಓಪನ್ ಆಗಿ ಹೇಳಿ, ನಾವೆಲ್ಲ ಒಂದೇ ಕುಟುಂಬ," ಎನ್ನುತ್ತಿದ್ದರು. ನಾವೆಲ್ಲ ಬಾಯಲ್ಲಿ ಬನ್ನು ಇಟ್ಟುಕೊಂಡೇ "ಏನಿಲ್ಲಾ ಸಾರ್" ಎಂದು ರಾಗವಾಗಿ ಹೇಳುತ್ತಿದ್ದೆವು. ಆಗ ಹೊಂಬಾಳಕ್ಕ ತುಟಿ ಒರೆಸಿಕೊಂಡು ಏಳುತ್ತಿದ್ದಳು.

ನಾನು ಸೇರಿದ ವರ್ಷ ಬೇಸಿಗೆಯಲ್ಲಿ ಅವಳು ಫ್ಯಾನಿನ ವಿಷಯ ಎತ್ತಿದಳು. ನಮ್ಮ ತಲೆಯ ಮೇಲೆ ಇದ್ದುದು ಬರೀ ಶೀಟು. ಮ್ಯಾನೇಜರು, ಫ್ಯಾನ್ ಹಾಕಿದರೆ ಹೊಟ್ಟು ಹಾರಿ ಬೀಜ ಗಲೀಜಾಗುತ್ತದೆ ಎಂದು ವಿವರಿಸಿದರು. ಹೊಂಬಾಳಕ್ಕ ಪೂರ್ತಿ ಕೇಳಿಸಿಕೊಂಡು, "ಆಯ್ತು ಸಾರ್. ನೀವೂ ಒಂದು ದಿನ ನಿಮ್ ರೂಮಲ್ಲಿ ಫ್ಯಾನ್ ಆಫ್ ಮಾಡ್ಕಂಡು ಕೂತ್ಕಳಿ. ಸಾಯಂಕಾಲ ಹಿಂಗೇ ವಿವರ್ಸಿ, ಕೇಳ್ತೀವಿ," ಎಂದಳು. ನಮ್ಮ ಬನ್ನುಗಳು ಗಂಟಲಲ್ಲೇ ನಿಂತವು. ಆದರೆ ಮ್ಯಾನೇಜರು ನಕ್ಕುಬಿಟ್ಟರು. ಯುಗಾದಿಯ ಹೊತ್ತಿಗೆ ಗೋಡೆಗೆ ಫ್ಯಾನುಗಳು ಬಂದವು.

ಇಂಥ ಮಾತು ಅವಳಿಗೆ ನಿಂತ ನಿಲುವಿನಲ್ಲೇ ಹೊಳೆಯುತ್ತದೆ ಎಂದು ಬಹಳ ದಿನ ನಾನು ನಂಬಿದ್ದೆ. ನಮ್ಮಿಬ್ಬರ ಬಾಡಿಗೆ ಮನೆಗಳ ನಡುವೆ ಇದ್ದುದು ಒಂದೇ ಗೋಡೆ. ಒಂದು ಭಾನುವಾರ ಸಂಜೆ ಆ ಕಡೆಯಿಂದ ಗಂಡಸಿನ ದನಿ ಗಟ್ಟಿಯಾಗಿ ಕೇಳಿತು: "ಏನಮ್ಮಾ, ಇಷ್ಟ ಇಲ್ದಿದ್ರೆ ಕೆಲ್ಸ ಬಿಟ್ಟು ಹೋಗು!" ಗಾಬರಿಯಾಗಿ ಓಡಿದೆ. ನೋಡಿದರೆ ಅವಳ ಗಂಡ, ದರ್ಜಿ ಶಿವಣ್ಣ, ಹೊಲಿಗೆ ಮಿಷನ್ನಿನ ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು, ಅಳತೆ ಟೇಪನ್ನು ಟೈ ಥರ ಎದೆಯ ಮೇಲೆ ಇಳಿಬಿಟ್ಟುಕೊಂಡು ಕೂತಿದ್ದ. ಹೊಂಬಾಳಕ್ಕ ಎದುರಿಗೆ ಕೈಕಟ್ಟಿ ನಿಂತಿದ್ದಳು.

"ಬಾ ಬಾ, ಕೂತ್ಕೊ," ಎಂದಳು ನನಗೆ. "ಇವ್ರು ಮ್ಯಾನೇಜರು. ನಾಳಿಕ್ಕೆ ಮೀಟಿಂಗ್ ಅಲ್ವಾ, ಹೇಳಿ ನೋಡ್ಕತಾ ಇವ್ನಿ."

ಶಿವಣ್ಣ ಆ ಪಾತ್ರದಲ್ಲಿ ಬಹಳ ಕಟ್ಟುನಿಟ್ಟು. ಅವಳು ಹೇಳಿದ್ದನ್ನು ಬಟ್ಟೆಯ ಹಾಗೆ ಹಿಡಿದು ನೋಡಿ ಕತ್ತರಿಸುತ್ತಿದ್ದ. "ಉದ್ದ ಆಯ್ತು ಕಣೇ. ಅವ್ರು ಅರ್ಧಕ್ಕೇ ಫೋನ್ ನೋಡಕ್ ಸುರು ಮಾಡ್ತಾರೆ. ಏನ್ ಬೇಕು ಅದನ್ನ ಮೊದ್ಲು ಹೇಳು, ಅಳೋದಿದ್ರೆ ಆಮೇಲೆ ಅಳು," ಎನ್ನುತ್ತಿದ್ದ. ಒಂದು ಸಲ ಪಾತ್ರ ಮೈಮೇಲೆ ಬಂದು ಹೆಂಡತಿಯನ್ನು ಕೆಲಸದಿಂದಲೇ ತೆಗೆದುಹಾಕಿದ. ಆ ದಿನ ಊಟಕ್ಕೆ ಮ್ಯಾನೇಜರಿಗೆ ಮುದ್ದೆ ಇತ್ತು, ಸಾರು ಇರಲಿಲ್ಲ. ಅವರ ಮಗಳನ್ನು ಶನಿವಾರಸಂತೆಗೆ ಕೊಟ್ಟಿದ್ದರು, ಮಗ ಮಧು ಇನ್ನೂ ಐಟಿಐ ಓದುತ್ತಿದ್ದ. ಅಪ್ಪ ಅಮ್ಮನ ಈ ನಾಟಕ ಕಂಡರೆ ಅವನಿಗೆ ನಗುವೋ ನಗು.

ನನಗೆ ಅವಳ ಧೈರ್ಯ ಕಂಡು ಹೊಟ್ಟೆಕಿಚ್ಚು. ಒಂದು ದಿನ ಬೀಜ ಆರಿಸುತ್ತ ಕೇಳಿಯೇಬಿಟ್ಟೆ, "ಅಕ್ಕ, ನಿಂಗೆ ಎಂತ ಹೆದರಿಕೆ ಆಗುದಿಲ್ವಾ?"

"ಇದು ಧೈರ್ಯ ಅಲ್ಲ ಕಣವ್ವ, ಅನುಕೂಲ," ಎಂದಳು. "ನಮ್ಮನೇಲಿ ಇವ್ರ ಮಿಷನ್ ಓಡ್ತಾ ಐತೆ. ನಾಳೆ ನನ್ ಕೆಲ್ಸ ಹೋದ್ರೂ ಒಲೆ ಉರೀತದೆ. ಮನೆಗೋದ್ರೆ 'ಏನಂದೆ, ಅವ್ರೇನಂದ್ರು' ಅಂತ ಕೇಳೋರು ಒಬ್ರವ್ರೆ. ಅದ್ಕೇ ಬಾಯಿ ಬರ್ತದೆ. ಆ ಆಮಿನಾನ ನೋಡು. ಗಂಡ ಊರು ಬಿಟ್ಟವ್ನೆ, ಅತ್ತೆಗೆ ಕಣ್ಣು ಕಾಣಲ್ಲ, ಮಗೀಗೆ ಫೀಸು. ಅವ್ಳು ಹೆಂಗ್ ಮಾತಾಡ್ತಾಳೆ? ಅವ್ಳು ಸುಮ್ಕಿರದು ಹೆದರ್ಕಂಡು ಅಂತೀರ ನೀವು. ಅವ್ಳು ಮನೆ ಹೊತ್ಕಂಡವ್ಳೆ."

ಆಮಿನಾ ನಮ್ಮ ಮೇಜಿನ ಆ ತುದಿಯಲ್ಲಿ ಕೂರುತ್ತಿದ್ದ ಮಲಯಾಳದ ಹುಡುಗಿ. ಮೀಟಿಂಗಿನಲ್ಲಿ ಅವಳು "ಏನಿಲ್ಲಾ ಸಾರ್" ಎಂಬುದನ್ನೂ ಜೋರಾಗಿ ಹೇಳಿದವಳಲ್ಲ. ಹೊಂಬಾಳಕ್ಕ ಹೇಳಿದ ಆ ಮಾತು ಆವತ್ತು ನನಗೆ ಅರ್ಧ ಅರ್ಥವಾಯಿತು. ಉಳಿದರ್ಧ ಅರ್ಥವಾಗಲು ಅವಳ ಅನುಕೂಲವೂ ಹೋಗಬೇಕಾಯಿತು.

ಊರಿನಲ್ಲಿ ರೆಡಿಮೇಡ್ ಅಂಗಡಿಗಳು ಹೆಚ್ಚಾಗಿ ಶಿವಣ್ಣನಿಗೆ ಬ್ಲೌಸಿನ ಹುಕ್ಕು, ಪ್ಯಾಂಟಿನ ಜಿಪ್ಪು ಇಷ್ಟೇ ಉಳಿಯಿತು. ಐಟಿಐ ಮುಗಿಸಿದ ಮಧು ಕೆಲಸ ಸಿಗದೆ ಮನೆಯಲ್ಲೇ ಇದ್ದ. ಕೊನೆಗೆ ಹೊಂಬಾಳಕ್ಕ ಮ್ಯಾನೇಜರ ಹತ್ತಿರ ಹೋಗಿ ಮಗನಿಗೊಂದು ಕೆಲಸ ಕೇಳಿದಳು. ಅವರು ಒಂದೇ ಮಾತಿಗೆ ಒಪ್ಪಿ ಕಾಂಟ್ರಾಕ್ಟಿನ ಮೇಲೆ ಗೇಟಿಗೆ ಹಾಕಿಕೊಂಡರು. ಮಧು ನೀಲಿ ಯೂನಿಫಾರ್ಮ್ ಹಾಕಿಕೊಂಡು ನಿಂತ ದಿನ ಅವಳು ಮೇಜಿಗೆಲ್ಲ ಮೈಸೂರುಪಾಕು ಹಂಚಿದಳು. ಅವನ ಮುಖ್ಯ ಕೆಲಸ ನಮ್ಮ ಫೋನು ಕಾಯುವುದು. ಯಾರದೋ ಫೋನಿನ ಕವರು ಬೀಜದೊಳಗೆ ಬಿದ್ದು ಹೊರದೇಶದವರೆಗೆ ಹೋಗಿ ರಂಪವಾದ ಮೇಲೆ, ಒಳಗೆ ಯಾರೂ ಫೋನ್ ಒಯ್ಯಬಾರದು ಎಂದು ನಿಯಮ ಮಾಡಿದ್ದರು. ಗೇಟಿನಲ್ಲಿ ಪಾರಿವಾಳದ ಗೂಡಿನಂಥ ಒಂದು ಮರದ ಪೆಟ್ಟಿಗೆ. ಬೆಳಿಗ್ಗೆ ಅದರಲ್ಲಿ ಇಡಬೇಕು, ಸಾಯಂಕಾಲ ತೆಗೆದುಕೊಳ್ಳಬೇಕು. ನಡುವೆ ಯಾರ ಫೋನ್ ಬಂದರೂ ಪೆಟ್ಟಿಗೆ ಮುಟ್ಟಕೂಡದು ಎಂದು ಮಧುವಿಗೆ ಅಪ್ಪಣೆ.

ಅಲ್ಲಿಂದ ಹೊಂಬಾಳಕ್ಕ ಮೀಟಿಂಗಿನಲ್ಲಿ ಏಳುವುದು ನಿಂತಿತು. ಒಂದು ಸಲ ಕುಡಿಯುವ ನೀರಿನ ಫಿಲ್ಟರು ಕೆಟ್ಟು ಬಹಳ ದಿನವಾಗಿತ್ತು. ಮ್ಯಾನೇಜರು "ಏನಾದ್ರೂ ಇದ್ಯಾ?" ಎಂದು ಕೇಳಿದಾಗ ನಾವೆಲ್ಲ ಅವಳ ಕಡೆ ನೋಡಿದೆವು. ಅವಳು ಬನ್ನು ತಿನ್ನುತ್ತಿದ್ದಳು. ಮ್ಯಾನೇಜರೂ ಟೀ ಲೋಟ ಕೆಳಗಿಡದೆ ಆರಾಮವಾಗಿ ಕುಡಿದರು. ಹೊರಗೆ ಬಂದ ಮೇಲೆ ನಾನು ಕೆಣಕಿದೆ, "ಏನಕ್ಕ, ಇವತ್ತು ಮೌನವ್ರತವಾ?"

"ಬಾಯಿಗೆ ಬೀಗ ಬಿದ್ದೈತೆ ಕಣವ್ವ. ಬೀಗದ ಕೈ ಅಗೋ, ಗೇಟಲ್ಲಿ ನಿಂತೈತೆ," ಎಂದಳು. ನಗಲಿಲ್ಲ.

ಮನೆಯಲ್ಲೂ ಭಾನುವಾರದ ನಾಟಕ ನಿಂತುಹೋಯಿತು. ಗೋಡೆಯ ಆ ಕಡೆಯಿಂದ ಬರೀ ಟಿವಿಯ ಸದ್ದು. ನನಗೆ ಅದು ಬೇಸರವೇ ಆಗುತ್ತಿತ್ತು, ಯಾರೋ ಊರಿಗೆ ಹೋದ ಹಾಗೆ.

ಆಮೇಲೆ ಆಮಿನಾಳ ಮಗಳು ಸ್ಕೂಲಿನ ಮೆಟ್ಟಿಲಿನಿಂದ ಬಿದ್ದು ಕೈ ಮುರಿದುಕೊಂಡಳು. ಬಿದ್ದಿದ್ದು ಬೆಳಿಗ್ಗೆ. ಟೀಚರು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅಲ್ಲಿಂದ ಆಮಿನಾಳಿಗೆ ಫೋನ್ ಮಾಡಿದರು, ಮತ್ತೆ ಮಾಡಿದರು, ಮಾಡುತ್ತಲೇ ಇದ್ದರು. ಫೋನು ಪೆಟ್ಟಿಗೆಯೊಳಗೆ ಬಡಿದುಕೊಳ್ಳುತ್ತಲೇ ಇತ್ತು. ಸಾಯಂಕಾಲ ಹೊರಗೆ ಬಂದು ಫೋನ್ ನೋಡಿದ ಆಮಿನಾ ಚಪ್ಪಲಿಯನ್ನೂ ಹಾಕಿಕೊಳ್ಳದೆ ಆಟೋ ಹತ್ತಿದಳು. ಮಗು ಇಡೀ ದಿನ "ಉಮ್ಮ ಎಲ್ಲಿ" ಎಂದು ಕೇಳುತ್ತಿತ್ತಂತೆ. ಬ್ಯಾಂಡೇಜು ಸುತ್ತಿ ಮುಗಿದ ಮೇಲೂ ಅತ್ತಿತಂತೆ.

ಆವತ್ತು ಆಮಿನಾಳ ಆಟೋ ಹೋದ ಮೇಲೆ ಮಧು ತನ್ನ ಬೂಟು ನೋಡುತ್ತ ನಿಂತಿದ್ದ. "ಟೀಚರ್ ಅಂತ ಹೆಸ್ರು ಬರ್ತಿತ್ತು ಅಕ್ಕ. ನೋಡ್ದೆ ನಾನು," ಎಂದ ನನಗೆ. "ಮುಟ್ಬಾರ್ದು ಅಂದಿದ್ರಲ್ಲ." ಅವನ ಮೇಲೆ ನನಗೆ ಕೋಪ ಬರಲಿಲ್ಲ. ಹೆದರಿದ ಮುಖ ಅದು, ನನ್ನದೂ ಹಾಗೇ ಇರುತ್ತಿತ್ತು.

ಮರುದಿನ ಆಮಿನಾ ಕೆಲಸಕ್ಕೆ ಬಂದಳು. ರಜೆ ಹಾಕಿದರೆ ಕೂಲಿ ಇಲ್ಲವಲ್ಲ. ಹೊಂಬಾಳಕ್ಕ ಅವಳಿಗೆ "ಮೀಟಿಂಗಲ್ಲಿ ಹೇಳವ್ವ ನೀನು" ಎಂದಾಗ ಬೀಜದ ಮೇಲಿನಿಂದ ಕಣ್ಣೆತ್ತದೆ, "ನಂಗೆ ಪೇಡಿ ಆಗ್ತದೆ ಅಕ್ಕ," ಎಂದಳು. ಹೆದರಿಕೆಗೆ ಅವರ ಭಾಷೆಯ ಮಾತು ಅದು. ಹೊಂಬಾಳಕ್ಕ ಮತ್ತೆ ಒತ್ತಾಯ ಮಾಡಲಿಲ್ಲ.

ಮೀಟಿಂಗಿನ ಹಿಂದಿನ ದಿನ ಸಂಜೆ ನಾನು ಬ್ಲೌಸಿಗೆ ಹುಕ್ಕು ಹಾಕಿಸಲು ಅವರ ಮನೆಗೆ ಹೋಗಿದ್ದೆ. ಹೊಂಬಾಳಕ್ಕ ಒಲೆಯ ಮುಂದಿನಿಂದ ಎದ್ದು ಬಂದು ಗಂಡನಿಗೆ, "ಸ್ವಲ್ಪ ಮ್ಯಾನೇಜರಾಗ್ರಿ," ಎಂದಳು. ಶಿವಣ್ಣ ಮಿಷನ್ ತುಳಿಯುತ್ತಲೇ ಇದ್ದ. "ಈ ಸಲ ನನ್ ಕೈಲಾಗಲ್ಲ ಕಣೇ," ಎಂದ. "ಮನೆಗೆ ತಿಂಗ್ಳಾ ತಿಂಗ್ಳಾ ಬರೋ ಸಂಬಳ ಮಧೂದೊಂದೇ. ನಿಂದು ಸೀಸನ್ನಿಗೆ ಮಾತ್ರ."

ಒಳಗಿದ್ದ ಮಧು ಹೊರಗೆ ಬಂದ. ಮಣೆ ಎಳೆದುಕೊಂಡು ಅಮ್ಮನ ಎದುರಿಗೆ ಕೂತ. "ನಾನಾಯ್ತೀನಿ. ಹೇಳು," ಎಂದ.

ಅವಳು ತಡವರಿಸುತ್ತ ಶುರುಮಾಡಿದಳು. ಮಗು ಬಿದ್ದಿದ್ದು, ಫೋನ್ ಬಂದಿದ್ದು, ತಾಯಿಗೆ ಗೊತ್ತಾಗದೆ ಹೋದದ್ದು. ಮಧು ಮಧ್ಯದಲ್ಲೇ ಕೈಯೆತ್ತಿದ.

"ಗೇಟಲ್ಲಿ ಯಾರಿದ್ರು ಆವತ್ತು?"

ಹೊಂಬಾಳಕ್ಕ ಒಲೆಯ ಕಡೆ ನೋಡಿದಳು.

"ಹೇಳಮ್ಮಾ. ಅವ್ರು ಮೊದ್ಲು ಕೇಳದೇ ಇದು. ಯಾರಿದ್ರು?"

ಅವಳು ಹಿಟ್ಟು ತಳ ಹತ್ತುತ್ತದೆ ಎಂದು ಒಳಗೆ ಹೋದಳು. ಕೋಲಿನಿಂದ ಮುದ್ದೆ ತಿರುವುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ನಾನು ಹುಕ್ಕು ಹಾಕಿಸಿಕೊಳ್ಳದೆಯೇ ಬ್ಲೌಸು ತೆಗೆದುಕೊಂಡು ಎದ್ದು ಬಂದೆ. ಅವಳು ನಾಳೆ ಮಾತಾಡದಿದ್ದರೆ ಒಳ್ಳೆಯದು ಎಂದು ನನಗೇ ಅನ್ನಿಸಿತ್ತು.

ಮಾರನೆಯ ದಿನ ಟೀ ಬಂತು, ಬನ್ನು ಬಂತು. ಮ್ಯಾನೇಜರು ಎಂದಿನಂತೆ ಕೇಳಿದರು. ನಮ್ಮ "ಏನಿಲ್ಲಾ ಸಾರ್" ಇನ್ನೂ ಮುಗಿದಿರಲಿಲ್ಲ, ಹೊಂಬಾಳಕ್ಕ ತುಟಿ ಒರೆಸಿಕೊಂಡಳು. ಬನ್ನು ಮುಟ್ಟಿರಲಿಲ್ಲ.

"ಸಾರ್, ನಮ್ ಆಮಿನಾ ಮಗು ಬಿದ್ದಿದ್ದು ಬೆಳಿಗ್ಗೆ, ಇವ್ಳಿಗೆ ಗೊತ್ತಾಗಿದ್ದು ಸಾಯಂಕಾಲ. ಗೇಟಲ್ಲಿ ಇದ್ದೋನು ನನ್ ಮಗ ಮಧು. ನೀವ್ ಕೇಳೋಕ್ ಮುಂಚೆ ನಾನೇ ಹೇಳ್ತಾ ಇವ್ನಿ. ಮುಟ್ಬೇಡ ಅಂದ್ರಿ, ಅವ್ನು ಮುಟ್ಲಿಲ್ಲ. ತಪ್ಪೆಲ್ಲ ಅವ್ನ ತಲೆಗೆ ಕಟ್ಟಿ ಪೆಟ್ಟಿಗೆ ಹಂಗೇ ಮಡಿಕ್ಕಬೇಡಿ. ನಮ್ ಫೋನ್ ಹೊರಗೇ ಇರ್ಲಿ. ಒಳಗೊಂದು ನಿಮ್ದೇ ಫೋನ್ ಇಡಿ. ಮನೆಯೋರು, ಇಸ್ಕೂಲ್ನೋರು ಫೋನ್ ಮಾಡುದ್ರೆ ಯಾರಾರ ಎತ್ತಿ ನಮ್ಗೊಂದು ಮಾತು ಹೇಳ್ಲಿ. ಇಷ್ಟೇ."

ಮ್ಯಾನೇಜರು ಲೋಟ ಕೆಳಗಿಟ್ಟರು. ಆಗ ಮೂಲೆಯಲ್ಲಿ ಆಮಿನಾ ಎದ್ದು ನಿಂತು, "ಹೌದು ಸಾರ್," ಎಂದಳು. ಅಷ್ಟೇ ಹೇಳಿ ಕೂತುಬಿಟ್ಟಳು. ಅದನ್ನು ಕೇಳಿ ನನಗೆ ಕಣ್ಣೀರು ಬಂತು. ಹೊಂಬಾಳಕ್ಕನಿಗೆ ಈ ಸಲ ಯಾವ ಅನುಕೂಲವೂ ಇರಲಿಲ್ಲ, ಆದರೂ ಅವಳು ಎದ್ದಿದ್ದಳು. ನಾನು ಕಂಡ ಧೈರ್ಯ ಅದೊಂದೇ.

ಕೆಲವೇ ದಿನಗಳಲ್ಲಿ ಸೂಪರ್‌ವೈಸರ್ ಮೇಜಿನ ಮೇಲೆ ಒಂದು ಫೋನು ಬಂತು. ಅದರ ನಂಬರನ್ನು ನಾವೆಲ್ಲ ಮನೆಗೂ ಸ್ಕೂಲಿಗೂ ಕೊಟ್ಟೆವು. ಮ್ಯಾನೇಜರು ಹೊಂಬಾಳಕ್ಕನನ್ನು ಕಂಡಾಗ ಮೊದಲಿಗಿಂತ ಹೆಚ್ಚು ನಗುತ್ತಿದ್ದರು. ಮಧುವನ್ನು ಗೇಟಿನಿಂದ ಮೂಟೆ ಇಳಿಸುವ ಕಡೆಗೆ ಹಾಕಿದರು, ಸೀಸನ್ ಮುಗಿದು ಕಾಂಟ್ರಾಕ್ಟು ಹೊಸದು ಮಾಡುವಾಗ ಅವನನ್ನು ಕರೆಯಲೇ ಇಲ್ಲ. ಯಾಕೆ ಎಂದು ಯಾರೂ ಹೇಳಲಿಲ್ಲ. ಗದರಿದರೆ ತಿರುಗಿ ಒಂದು ಮಾತಾದರೂ ಆಡಬಹುದು, ನಗುನಗುತ್ತ ಕೈಬಿಟ್ಟರೆ ಯಾರ ಮುಂದೆ ಕೂಗುವುದು? ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕೆಲಸ ಹೋದದ್ದಕ್ಕಿಂತ, ಅಷ್ಟು ಹೆಂಗಸರ ಮುಂದೆ ಅಮ್ಮ ತನ್ನ ಹೆಸರು ಎತ್ತಿದಳು ಎಂಬುದು ಮಧುವಿಗೆ ಚುಚ್ಚಿತ್ತು. "ನನ್ ಹೆಸ್ರೇ ಬೇಕಿತ್ತಾ ನಿಂಗೆ?" ಎಂದು ಒಂದು ಸಲ ಕೇಳಿದ. ಅವನ ಮೇಲೆ ತಪ್ಪು ಬರದಿರಲಿ ಎಂದೇ ತಾನು ಎತ್ತಿದ್ದು ಎಂದು ಅವಳು ಎಷ್ಟು ಹೇಳಿದರೂ ಕೇಳಲಿಲ್ಲ. ಆಮೇಲೆ ಅವಳೊಂದಿಗೆ ಮಾತೇ ಬಿಟ್ಟ. ಮಾದಾಪುರದ ಕಡೆ ಪ್ರವಾಸಿಗರನ್ನು ಬೆಟ್ಟಕ್ಕೆ ಹತ್ತಿಸುವ ಜೀಪೊಂದಕ್ಕೆ ಡ್ರೈವರಾಗಿ ಸೇರಿಕೊಂಡ. ಮನೆಗೆ ಬಂದರೆ ಎಲ್ಲವೂ ಅಪ್ಪನ ಮೂಲಕ.

"ಅಪ್ಪಾ, ಸಾರು ಸಾಕು ಅಂತ ಹೇಳು."

"ಸಾರು ಸಾಕಂತೆ ಕಣೇ."

"ಮಜ್ಜಿಗೆ ಬೇಕಾ ಕೇಳ್ರಿ."

"ನಾನೇನು ಇಬ್ರಿಗೂ ಫೋನ್ ತಂತಿಯಾ?" ಎಂದು ಶಿವಣ್ಣ ರೇಗುತ್ತಿದ್ದನಂತೆ. ಇದನ್ನೆಲ್ಲ ಹೊಂಬಾಳಕ್ಕ ಮೇಜಿನಲ್ಲಿ ಇಬ್ಬರ ದನಿಯನ್ನೂ ಮಾಡಿ ತೋರಿಸಿ ನಮ್ಮನ್ನು ನಗಿಸುತ್ತಿದ್ದಳು. ಒಂದು ದಿನ ಹಾಗೆ ನಗಿಸುತ್ತ ಇದ್ದವಳ ಬೆರಳುಗಳು ಬೀಜದ ಮೇಲೆ ನಿಂತುಹೋದವು. "ಆಮಿನಾ ಮಗೀಗೆ ಅದ್ರ ಅಮ್ಮ ಸಿಕ್ಕುದ್ಲು. ನಂಗೆ ನನ್ ಮಗ ಸಿಗ್ನಿಲ್ಲ ಕಣವ್ವ," ಎಂದಳು. ಆಮಿನಾ ಎದ್ದು ಬಂದು ಅವಳ ಪಕ್ಕ ಕೂತು, ಅವಳ ಪಾಲಿನ ಬೀಜವನ್ನೂ ಆರಿಸಿದಳು.

ಹೊಂಬಾಳಕ್ಕ ಈಗಿಲ್ಲ. ಮಗಳ ಬಾಣಂತನಕ್ಕೆಂದು ಶನಿವಾರಸಂತೆಗೆ ಹೋದವಳು ಅಲ್ಲೇ ಎದೆನೋವು ಬಂದು ತೀರಿಕೊಂಡಳು. ಅವಳನ್ನು ನಾನು ಜೀವಂತವಾಗಿ ಕಡೆಯ ಸಲ ನೋಡಿದ್ದು ಅವಳು ಹೊರಡುವ ಹಿಂದಿನ ಸಂಜೆ. ಮಗುವಿಗೆಂದು ನಾನು ಒಂದು ಟೋಪಿ ಹೆಣೆದಿದ್ದೆ, ಅದನ್ನು ಕೊಡಲು ಹೋಗಿದ್ದೆ.

ಅವಳು ಚೀಲ ತುಂಬುತ್ತಿದ್ದಳು. ಶಿವಣ್ಣ ಮಿಷನ್ನಿನ ಮುಂದೆ ಕೂತು ಕಂದಮ್ಮನಿಗೆ ಹಳೇ ಪಂಚೆಯಿಂದ ಬಟ್ಟೆ ಹೊಲಿಯುತ್ತಿದ್ದ. ಅಷ್ಟರಲ್ಲಿ ಮಧು ಬಂದ. ಪ್ರವಾಸಿಗರ ಸೀಸನ್ನಿನಲ್ಲಿ ಅವನು ಅಷ್ಟು ಬೇಗ ಬರುವವನಲ್ಲ. ಜೀಪಿನ ಕೀ ಅವನ ಕೈಯಲ್ಲಿರಲಿಲ್ಲ.

"ಅಪ್ಪಾ, ಕೆಲ್ಸ ಬಿಟ್ಟಾಯ್ತು ಅಂತ ಹೇಳು," ಎಂದ.

ಶಿವಣ್ಣ ಬಾಯಿ ತೆರೆಯುವ ಮೊದಲೇ ಹೊಂಬಾಳಕ್ಕ "ಯಾಕೆ?" ಎಂದಳು. ಅವನು ಗೋಡೆಯ ಕಡೆ ನೋಡುತ್ತ ಹೇಳಿದ. ಟೈರು ಸವೆದಿದೆ ಎಂದು ವಾರದಿಂದ ಓನರಿಗೆ ಹೇಳುತ್ತಿದ್ದನಂತೆ. ಇವತ್ತು ಮಂಜಿನಲ್ಲಿ, ಸೀಟಿಗಿಂತ ಹೆಚ್ಚು ಜನರನ್ನು ತುಂಬಿ ಹೊರಡು ಎಂದಾಗ ಎಲ್ಲರ ಮುಂದೆ ಆಗುವುದಿಲ್ಲ ಎಂದನಂತೆ. ಓನರು ಕೀ ಕಿತ್ತುಕೊಂಡು ಬೇರೆಯವನಿಗೆ ಕೊಟ್ಟನಂತೆ.

ಹೊಂಬಾಳಕ್ಕ ಕೈಯಲ್ಲಿದ್ದ ಸೀರೆಯನ್ನು ಚೀಲದೊಳಕ್ಕೆ ಎಸೆದಳು. "ನಿಂಗ್ಯಾಕಪ್ಪಾ ಬೇಕಿತ್ತು ಇದೆಲ್ಲ? ಎಲ್ರೂ ಸುಮ್ಕಿಲ್ವಾ? ಎಲ್ಲಾದ್ಕೂ ನೀನೇ ಬಾಯಿ ಹಾಕ್ಬೇಕಾ? ಓನರ್ ಹೇಳ್ದಂಗೆ ತಲೆ ಬಗ್ಗಿಸ್ಕಂಡು ಕೆಲ್ಸ ಮಾಡಕಾಗಲ್ವಾ? ನಾಳಿಕ್ಕೆ ಯಾರ್ ಕೊಡ್ತಾರೆ ನಿಂಗೆ ಕೆಲ್ಸ?"

ಶಿವಣ್ಣನ ಮಿಷನ್ ನಿಂತಿತು. ನನಗೆ ನಗು ಬಂದು ತುಟಿ ಕಚ್ಚಿಕೊಂಡೆ. ಅವಳ ಮುಖ ನೋಡಿದ ಮೇಲೆ ಆ ನಗು ಉಳಿಯಲಿಲ್ಲ. ತಾನು ಏನು ಹೇಳಿದೆ ಎಂಬುದು ಅವಳಿಗೂ ಕೇಳಿಸಿತ್ತು. ಆಮೇಲೆ ಒಳಗೆ ಹೋಗಿ ತಟ್ಟೆಗೆ ಮುದ್ದೆ ಹಾಕಿ ತಂದು ಮಗನ ಮುಂದೆ ಇಟ್ಟು, ಅವನ ಎದುರಿಗೆ ನೆಲದ ಮೇಲೆ ಕೂತಳು.

"ಆ ಓನರ್ಗೆ ಏನಂದೆ? ಮೊದ್ಲಿಂದ ಹೇಳು," ಎಂದಳು.

ಮಧು ಅಭ್ಯಾಸಬಲದಿಂದ ಅಪ್ಪನ ಕಡೆ ನೋಡಿದ. ಶಿವಣ್ಣ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸತೊಡಗಿದ್ದ. ಮಧು ಮುದ್ದೆ ಮುರಿದ. ಆಮೇಲೆ ಅಮ್ಮನ ಕಡೆ ತಿರುಗಿದ.

"ಬೆಳಿಗ್ಗೆಯಿಂದ ಮಂಜು ಬಿಟ್ಟೇ ಇರ್ಲಿಲ್ಲ ಅಮ್ಮಾ..." ಎಂದು ಶುರುಮಾಡಿದ.

ಯಾವ ತಿರುವಿನಲ್ಲಿ ಜೀಪು ಜಾರಿತ್ತು, ಹತ್ತಲು ಬಂದವರಲ್ಲಿ ಕೈಗೂಸಿನ ತಾಯಿಯೊಬ್ಬಳು ಇದ್ದಳು, ಓನರು ಏನೆಂದು ಬೈದ, ತಾನು ಏನೆಂದೆ, ಎಲ್ಲವನ್ನೂ ಹೇಳಿದ. ಹೊಂಬಾಳಕ್ಕ ಒಂದೇ ಒಂದು ಸಲವೂ ಮಧ್ಯೆ ಬಾಯಿ ಹಾಕಲಿಲ್ಲ. ನಾನು ಟೋಪಿಯನ್ನು ಅವಳ ಚೀಲದ ಮೇಲೆ ಇಟ್ಟು, ಬಾಗಿಲು ಮುಂದಕ್ಕೆ ಎಳೆದುಕೊಂಡು ಹೊರಗೆ ಬಂದೆ. ಅವನು ಇನ್ನೂ ಹೇಳುತ್ತಿದ್ದ, ಅವಳು ಕೇಳುತ್ತಿದ್ದಳು.